ಊರ ಮನೆಯ ಕೋವಿ

ವಿಕ್ರೋಳಿಯ ಕನ್ನಮ್ವಾರ್ ನಗರ, ಟಾಗೋರ್ ನಗರಗಳಲ್ಲಿರುವ ನಮ್ಮವರಿಗೆ ಕೋವಿಯ ಮಾತು ದೂರದ್ದೆನಿಸಬಹುದು. ಆದರೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ತೋಟದ ಮನೆಗಳಲ್ಲಿ ಹಂದಿ, ಮಂಗಗಳಿಂದ ಬೆಳೆ ಕಾಯಲು ಪರವಾನಿಗೆ ಪಡೆದ ಕೋವಿ ಇಂದಿಗೂ ಇದೆ. ಚುನಾವಣೆಯ ಕಾಲದಲ್ಲಿ ಅದನ್ನು ಠಾಣೆಗೊಪ್ಪಿಸಿ, ಮುಗಿದ ಮೇಲೆ ಮರಳಿ ತರುವುದು ಹಿರಿಯರಿಗೆ ರೂಢಿ. ಇಲ್ಲಿ ಹೋಟೆಲಿನ ಗಲ್ಲೆಯಲ್ಲಿ ಕುಳಿತ ಮಗನಿಗೆ ಆ ದಾರಿ ತಿಳಿಯದು.

ತಂದೆ ತೀರಿಕೊಂಡಾಗ ಕಷ್ಟ ಮೊದಲಾಗುತ್ತದೆ. ಉತ್ತರಕ್ರಿಯೆ ಮುಗಿಯುವಷ್ಟರಲ್ಲಿ ರಜೆಯೂ ಮುಗಿಯುತ್ತದೆ. ಕೋವಿಯನ್ನು ಅಟ್ಟಕ್ಕೇರಿಸಿ ಮಗ ಮುಂಬಯಿ ಸೇರುತ್ತಾನೆ. ಪರವಾನಿಗೆ ಮನುಷ್ಯನಿಗೆ ಕೊಟ್ಟದ್ದು, ಮನೆಗಲ್ಲ ಎಂಬುದು ಅವನಿಗೆ ಹೊಳೆಯುವುದಿಲ್ಲ. ಪರವಾನಿಗೆಯಿಲ್ಲದೆ ಕೋವಿ ಇಟ್ಟುಕೊಂಡವರಿಗೆ ೨೦೧೯ರ ತಿದ್ದುಪಡಿಯ ಮೇರೆಗೆ ಸಾಮಾನ್ಯವಾಗಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸವಿದೆ. ಮಗ ಇಲ್ಲಿ ನಿಶ್ಚಿಂತನಾಗಿರುವಾಗ ಅಲ್ಲಿ ಉತ್ತರ ಹೇಳಬೇಕಾದವರು ಮುದಿ ತಾಯಿ.

ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ೨೦೨೯ರವರೆಗೆ ಮುಂದುವರಿದಿದೆ, ನಿಜ. ಅದನ್ನು ಕೇಳಿ ಕರಾವಳಿಯವರು ತಮಗೂ ಅನ್ವಯವೆಂದು ಭ್ರಮಿಸಬಾರದು.

ಪರಿಹಾರ ಕಾಯಿದೆಯಲ್ಲಿಯೇ ಇದೆ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ೨೧ನೆಯ ಕಲಮು, ಇಟ್ಟುಕೊಳ್ಳುವ ಹಕ್ಕು ತಪ್ಪಿದ ಆಯುಧವನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಠಾಣೆಯಲ್ಲಾಗಲಿ ಪರವಾನಿಗೆಯುಳ್ಳ ವ್ಯಾಪಾರಿಯಲ್ಲಾಗಲಿ ಇರಿಸಬೇಕೆನ್ನುತ್ತದೆ. ಹಾಗೆ ಇರಿಸಿದ ಮಾತ್ರಕ್ಕೆ ಸೊತ್ತು ಹೋಗಲಿಲ್ಲ. ಊರಿನಲ್ಲಿಯೇ ಉಳಿದು ತೋಟ ನೋಡಿಕೊಳ್ಳುವ ತಮ್ಮನಿದ್ದರೆ ವಾರಸುದಾರನಾಗಿ ಪರವಾನಿಗೆಗೆ ಅರ್ಜಿ ಹಾಕಬಹುದು. ಅದು ದೊರೆತರೆ ಕೋವಿಯನ್ನು ಬಿಡಿಸಿಕೊಳ್ಳಬಹುದು. ಬೇಡವಾದರೆ ಅರ್ಹರಿಗೆ ಮಾರಬಹುದು. ಆದರೆ ಅದಕ್ಕೆ ಅವಧಿಯುಂಟು; ವರ್ಷಗಟ್ಟಲೆ ಮರೆತು ಕೂರಲಾಗದು.

ಠಾಣೆಯ ಮೆಟ್ಟಿಲೆಂದರೆ ನಮ್ಮವರಿಗೆ ಅಳುಕು. ಆದರೆ ತಾನಾಗಿ ಬಂದವನಿಗೂ ಹುಡುಕಿ ತಂದವನಿಗೂ ಪೋಲೀಸರ ಕಣ್ಣಿನಲ್ಲಿ ಬಹಳ ಅಂತರವುಂಟು. ಕೋವಿಯನ್ನು ಹೆಗಲಿಗೇರಿಸಿ ಹೊರಡಬೇಡಿ. ಮೊದಲು ಠಾಣೆಗೆ ಸುದ್ದಿ ಮುಟ್ಟಿಸಿ, ಹೇಗೆ ತರಬೇಕೆಂದು ಕೇಳಿರಿ. ಗುಂಡು ತೆಗೆದಿರಲಿ, ತಂದೆಯ ಪರವಾನಿಗೆಯ ಪುಸ್ತಕ, ಮರಣಪತ್ರ ಕೈಯಲ್ಲಿರಲಿ. ಕೋವಿಯ ಮೇಲಿನ ನಂಬರು, ಮದ್ದುಗುಂಡುಗಳ ಲೆಕ್ಕ ಬರೆದ ರಸೀದಿಯಿಲ್ಲದೆ ಹಿಂದಿರುಗಬೇಡಿರಿ.

ಬೊಜ್ಜದ ಖರ್ಚಿನ ಚೀಟಿಯನ್ನೂ ಜೋಪಾನವಾಗಿಡುವ ನಾವು, ಆ ರಸೀದಿಯನ್ನೂ ಹಾಗೆಯೇ ಇಡೋಣ. ಮುಂದಿನ ಸಲ ಊರಿಗೆ ಹೊರಡುವವರು ಬಸ್ಸು ಹತ್ತುವ ಮುನ್ನ ಮನೆಗೆ ಒಂದು ಮಾತು ಕೇಳಲಿ: ಅಪ್ಪನ ಕೋವಿ ಈಗ ಎಲ್ಲಿದೆ?