ಬದುವಿನ ವ್ಯಾಜ್ಯ

ಎರಡು ಹೊಲಗಳ ನಡುವಣ ಬದುವು ಸರಹದ್ದಿನ ಗುರುತು ಮಾತ್ರವಲ್ಲ. ಮಳೆಯ ನೀರನ್ನೂ ಮೇಲ್ಮಣ್ಣನ್ನೂ ತಡೆದು ನಿಲ್ಲಿಸುವ ಕಟ್ಟೆಯೂ ಹೌದು. ಉಳುವಾಗ ಒಬ್ಬನು ವರ್ಷಕ್ಕೊಂದು ಸಾಲು ಒತ್ತಿದರೆ, ನೆರೆಯವನು ಹಟದಿಂದ ತನ್ನ ಕಡೆಯಿಂದಲೂ ಕಡಿಯುವನು. ಹೀಗೆ ಸವೆದ ಬದುವು ಮುಂಗಾರಿನ ಒಂದೇ ಬಿರುಮಳೆಗೆ ಒಡೆದು, ಇಬ್ಬರ ಗೊಬ್ಬರವೂ ಹಳ್ಳ ಸೇರುವುದನ್ನು ನಾನು ಅನೇಕ ಸಲ ಕಂಡಿರುವೆನು.

ಲಾಭವೆಷ್ಟೆಂಬುದನ್ನು ರೈತರೇ ಲೆಕ್ಕ ಹಾಕಲಿ. ಒಂದು ಗುಂಟೆಯೆಂದರೆ 1089 ಚದರಡಿ. 330 ಅಡಿ ಉದ್ದದ ಬದುವಿನಲ್ಲಿ ಒಂದು ಮೊಳದಷ್ಟು, ಎಂದರೆ ಒಂದೂವರೆ ಅಡಿ ಒತ್ತಿದರೂ ದೊರೆಯುವುದು 495 ಚದರಡಿ. ಅರ್ಧ ಗುಂಟೆಯೂ ಆಗದು. ಇಷ್ಟಕ್ಕಾಗಿ ಕೋರ್ಟಿಗೆ ಅಲೆಯುವುದು ವಿವೇಕವೇ?

ಸಂಶಯವುಳ್ಳವರು ಬೇಸಗೆಯಲ್ಲಿ, ಹೊಲದಲ್ಲಿ ಪೈರಿಲ್ಲದಾಗ, ಹದ್ದುಬಸ್ತಿಗೆ ಅರ್ಜಿ ಕೊಡತಕ್ಕದ್ದು. ಪಹಣಿಯಲ್ಲಿ ವಿಸ್ತೀರ್ಣ ಮಾತ್ರವಿರುವುದು. ಗಡಿಯ ಅಳತೆಯು ಮೋಜಣಿಯ ಟಿಪ್ಪಣಿಯಲ್ಲಿರುವುದು. ಭೂಮಾಪಕರು ಅದರಂತೆ ಅಳೆಯುವಾಗ ಇಬ್ಬರೂ ಹಾಜರಿದ್ದು, ತೋರಿಸಿದ ಸ್ಥಳದಲ್ಲಿ ಕಲ್ಲು ನೆಡಿಸಿ, ಮಳೆಗೆ ಮುಂಚೆ ಕೂಡಿಯೇ ಬದುವನ್ನು ಹಾಕಬೇಕು. ಅಳತೆಗೆ ಒಪ್ಪದವರಿಗೆ ಮೇಲ್ಮನವಿಯುಂಟು. ಬಾಂದುಕಲ್ಲನ್ನು ಕೀಳುವುದು ಮಾತ್ರ ಅಪರಾಧವು.

ಬದುವು ಗಟ್ಟಿಯಾಗಿದ್ದರೆ ಎರಡು ಹೊಲಗಳೂ ಫಲಿಸುವುವು.