ಗಡುವಿನ ಮುಂಚಿನ ವದಂತಿ ಮತ್ತು ವೇತನ ಮಿತಿಯ ಲೆಕ್ಕ

ಹಿಂಗಾರಿ ಬಿತ್ತನೆ ಮುಗಿದು ಕಡಲೆ, ಬಿಳಿಜೋಳದ ಹೊಲಗಳು ಹಸಿರಾಗುವ ನವೆಂಬರ್ ತಿಂಗಳಲ್ಲಿ ಅಬ್ಬಿಗೇರಿ, ರೋಣ, ಗಜೇಂದ್ರಗಡದ ಅಂಗಡಿ ಕಟ್ಟೆಗಳ ಮೇಲೆ ಎರಡು ಬಗೆಯ ಧಾರಣೆಗಳ ಮಾತು ನಡೆಯುತ್ತದೆ. ಒಂದು ಗದಗ ಪೇಟೆಯ ಕಾಳುಕಡಿಯದು. ಇನ್ನೊಂದು ಐಪಿಎಲ್ ಆಟಗಾರರದು. ಯಾರು ಯಾವ ತಂಡವನ್ನು ಬಿಡುತ್ತಾರೆ, ಬೆಂಗಳೂರು ತಂಡಕ್ಕೆ ಯಾರು ಬರುತ್ತಾರೆ, ಎಷ್ಟು ಕೋಟಿಗೆ ಬರುತ್ತಾರೆ ಎಂಬ ಗಾಳಿಮಾತು ಗಡುವಿನ ದಿನ ಸಮೀಪಿಸಿದಷ್ಟೂ ಕಾವೇರುತ್ತದೆ. ಕಾಳಿನ ವ್ಯವಹಾರದಲ್ಲಿ ಪೈಸೆ ಪೈಸೆಗೂ ಲೆಕ್ಕ ಹಾಕುವ ವರ್ತಕರೂ ಆಟಗಾರರ ವಿಷಯ ಬಂದಾಗ ಹೆಸರಿಗೆ ಮರುಳಾಗುವುದುಂಟು. ಆದರೆ ಈ ವ್ಯವಹಾರದ ತಿರುಳು ವರ್ತಕರಿಗೆ ಹೊಸದೇನಲ್ಲ. ಗಡುವಿನ ಹೊತ್ತಿಗೆ ತಂಡಗಳಿಗೆ ಎಲ್ಲಕ್ಕಿಂತ ದುರ್ಲಭವಾಗುವುದು ಲೆಕ್ಕಪುಸ್ತಕದಲ್ಲಿ ಉಳಿದಿರುವ ಜಾಗ. ಆಟಗಾರರ ಅದಲುಬದಲು ಬಹುಮಟ್ಟಿಗೆ ಆ ಜಾಗದ ಅದಲುಬದಲೇ ಆಗಿರುತ್ತದೆ.

ವೇತನ ಮಿತಿ ಎಂದರೆ ಒಂದು ತಂಡವು ತನ್ನ ಎಲ್ಲ ಆಟಗಾರರಿಗೆ ಸೇರಿ ಒಂದು ವರ್ಷಕ್ಕೆ ಕೊಡಬಹುದಾದ ಗರಿಷ್ಠ ಮೊತ್ತ. ಐಪಿಎಲ್ ಆರಂಭವಾದ 2008ರಲ್ಲಿ ಈ ಮಿತಿ ಪ್ರತಿ ತಂಡಕ್ಕೆ 50 ಲಕ್ಷ ಡಾಲರ್ ಇತ್ತು. ಬೆಂಗಳೂರು ತಂಡದ ಒಡೆತನಕ್ಕೆ ವಿಜಯ್ ಮಲ್ಯ ಅವರ ಸಮೂಹವು ಕೂಗಿದ ಬೆಲೆ 11.16 ಕೋಟಿ ಡಾಲರ್. ತಂಡವನ್ನು ಕೊಳ್ಳುವಾಗ ಯಾವ ಮಿತಿಯೂ ಇರಲಿಲ್ಲ. ಆಟಗಾರರನ್ನು ಕೊಳ್ಳುವಾಗ ಮಾತ್ರ ಎಲ್ಲರ ಕೈಯೂ ಒಂದೇ ಅಳತೆಯ ಹಗ್ಗಕ್ಕೆ ಸಿಕ್ಕಿತು. ಆ ವರ್ಷ ಬೆಂಗಳೂರು ಜಾಕ್ ಕಾಲಿಸ್ ಅವರಿಗೆ 9 ಲಕ್ಷ ಡಾಲರ್ ಕೊಟ್ಟಿತು. ‘ಐಕಾನ್’ ಆಟಗಾರನಿಗೆ ತಂಡದ ಅತಿ ದುಬಾರಿ ಆಟಗಾರನಿಗಿಂತ ಶೇ. 15ರಷ್ಟು ಹೆಚ್ಚು ಕೊಡಬೇಕೆಂಬ ನಿಯಮವಿದ್ದುದರಿಂದ ರಾಹುಲ್ ದ್ರಾವಿಡ್ ಅವರಿಗೆ 10.35 ಲಕ್ಷ ಡಾಲರ್ ಸಂದಿತು. ಇಬ್ಬರಿಗೇ ಮಿತಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮುಗಿದುಹೋಯಿತು. ಗದಗದಲ್ಲಿ ಹುಟ್ಟಿ, ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಓಡಾಡಿ ಭಾರತ ತಂಡಕ್ಕೇರಿದ ಸುನಿಲ್ ಜೋಶಿ ಅವರೂ ಆ ಮೊದಲ ವರ್ಷದ ಬೆಂಗಳೂರು ತಂಡದಲ್ಲಿದ್ದರು ಎಂಬುದನ್ನು ನಮ್ಮ ಭಾಗದ ಓದುಗರು ನೆನೆಯಬಹುದು.

ಮಿತಿಯ ಮೊತ್ತ ಕ್ರಮೇಣ ಏರಿತು. 2024ರ ಋತುವಿಗೆ 100 ಕೋಟಿ ರೂಪಾಯಿ, 2025ಕ್ಕೆ 120 ಕೋಟಿ, 2026ಕ್ಕೆ 125 ಕೋಟಿ. ಪತ್ರಿಕೆಗಳು ಇದನ್ನು ‘ಪರ್ಸ್’ ಎನ್ನುತ್ತವೆ. ವರ್ತಕರು ಇದನ್ನು ಬ್ಯಾಂಕಿನ ಸಿ.ಸಿ. ಲಿಮಿಟ್‌ಗೆ ಹೋಲಿಸಿ ನೋಡುವುದು ಸುಲಭ. ಲಿಮಿಟ್ ಪೂರ್ತಿ ಬಳಕೆಯಾಗಿ, ಗೋದಾಮು ಚೀಲಗಳಿಂದ ತುಂಬಿರುವಾಗ ಪೇಟೆಗೆ ಒಳ್ಳೆಯ ಹೆಸರುಕಾಳು ಬಂದರೆ ಖರೀದಿದಾರನು ಏನು ಮಾಡಬೇಕು? ಹಳೆಯ ದಾಸ್ತಾನನ್ನು, ಕೆಲವೊಮ್ಮೆ ಚೌಕಾಶಿಗೂ ನಿಲ್ಲದೆ, ಹೊರಗೆ ಹಾಕಬೇಕು. ತಂಡಗಳು ಗಡುವಿನ ಮುನ್ನಾದಿನಗಳಲ್ಲಿ ಮಾಡುವುದೂ ಇದನ್ನೇ.

ಹೀಗೆ ಹೊರಗೆ ಹಾಕುವುದಕ್ಕೆ ದಾರಿಗಳು ಹಲವು. ಆಟಗಾರನನ್ನು ಸುಮ್ಮನೆ ಬಿಡುಗಡೆ ಮಾಡಿದರೆ ಅವನ ಶುಲ್ಕದಷ್ಟು ಮೊತ್ತ ಪರ್ಸ್‌ಗೆ ಮರಳುತ್ತದೆ, ಆಟಗಾರ ಹರಾಜಿಗೆ ಹೋಗುತ್ತಾನೆ. ಇಬ್ಬರು ಆಟಗಾರರನ್ನು ಅದಲುಬದಲು ಮಾಡಿದರೆ ಶುಲ್ಕಗಳ ವ್ಯತ್ಯಾಸವಷ್ಟೇ ಪರ್ಸ್‌ಗಳಲ್ಲಿ ಏರುಪೇರಾಗುತ್ತದೆ. ಪೂರ್ತಿ ನಗದು ವ್ಯವಹಾರವಾದರೆ ಕೊಳ್ಳುವ ತಂಡವು ಆಟಗಾರನ ಶುಲ್ಕವನ್ನು ತನ್ನ ಪರ್ಸ್‌ನಲ್ಲಿ ಹೊರುತ್ತದೆ, ಕೊಟ್ಟ ತಂಡದ ಪರ್ಸ್ ಅಷ್ಟು ಹಗುರವಾಗುತ್ತದೆ. ಇದಲ್ಲದೆ ತಂಡಗಳು ತಮ್ಮತಮ್ಮಲ್ಲಿ ‘ವರ್ಗಾವಣೆ ಶುಲ್ಕ’ವೆಂದು ಬೇರೊಂದು ಮೊತ್ತವನ್ನು ಒಪ್ಪಿಕೊಳ್ಳಬಹುದು. ಅದಕ್ಕೆ ಗರಿಷ್ಠ ಮಿತಿಯಿಲ್ಲ. ಅದು ಪರ್ಸ್‌ನ ಲೆಕ್ಕಕ್ಕೆ ಬರುವುದಿಲ್ಲ. ಎರಡು ತಂಡಗಳಿಗೂ ಲೀಗಿಗೂ ಹೊರತಾಗಿ ಯಾರಿಗೂ ಅದರ ಅಂಕಿ ತಿಳಿಯುವುದಿಲ್ಲ. ಆಟಗಾರನಿಗೆ ಅದರಲ್ಲಿ ಅರ್ಧದವರೆಗೆ ಪಾಲು ದೊರೆಯಬಹುದು, ದೊರೆಯಲೇಬೇಕೆಂದಿಲ್ಲ. ಆಟಗಾರನ ಒಪ್ಪಿಗೆ ಅಗತ್ಯ. ಆದರೆ ಬಿಟ್ಟುಕೊಡುವ ಕೊನೆಯ ಮಾತು ತಂಡದ್ದೇ.

ಬೆಂಗಳೂರು ತಂಡ ಈ ದಾರಿಯನ್ನು ಬೇಗನೆ ಹಿಡಿಯಿತು. 2009ರ ಋತುವಿಗೆ ಮುಂಚೆ ಜಹೀರ್ ಖಾನ್ ಮುಂಬೈಗೆ ಹೋದರು, ಕರ್ನಾಟಕದವರೇ ಆದ ರಾಬಿನ್ ಉತ್ತಪ್ಪ ಬೆಂಗಳೂರಿಗೆ ಬಂದರು. ಆದರೆ ವೇತನ ಮಿತಿಯ ಪಾಠವನ್ನು ಪೂರ್ಣವಾಗಿ ಕಲಿಸುವ ಉದಾಹರಣೆ 2023ರದು.

26 ನವೆಂಬರ್ 2023

ಆ ದಿನ ತಂಡಗಳು ತಾವು ಉಳಿಸಿಕೊಂಡ ಮತ್ತು ಬಿಟ್ಟ ಆಟಗಾರರ ಪಟ್ಟಿ ಕೊಡಲು ಕೊನೆಯ ದಿನ. ಗುಜರಾತ್ ತಂಡದ ನಾಯಕ ಹಾರ್ದಿಕ್ ಪಾಂಡ್ಯ ಮುಂಬೈಗೆ ಮರಳುತ್ತಾರೆಂಬ ವದಂತಿ ಕೆಲವು ದಿನಗಳಿಂದ ಹಬ್ಬಿತ್ತು. ಸಂಜೆ ಪಟ್ಟಿ ಹೊರಬಿದ್ದಾಗ ಪಾಂಡ್ಯ ಗುಜರಾತ್‌ನಲ್ಲೇ ಉಳಿದಿದ್ದರು. ವದಂತಿ ಸುಳ್ಳಾಯಿತೆಂದು ಹಲವರು ನಿಟ್ಟುಸಿರಿಟ್ಟರು. ಆದರೆ ಅಂದು ಮುಗಿದದ್ದು ಪಟ್ಟಿಯ ಗಡುವು. ವಿನಿಮಯದ ಬಾಗಿಲು ಇನ್ನೂ ಕೆಲವು ದಿನ ತೆರೆದೇ ಇತ್ತು. ಮರುದಿನವೇ ಪಾಂಡ್ಯ 15 ಕೋಟಿ ಶುಲ್ಕಕ್ಕೆ ಮುಂಬೈ ಸೇರಿದ್ದು ಅಧಿಕೃತವಾಯಿತು. ಅದರ ಜೊತೆಗೇ ಮುಂಬೈ ತಂಡದ ಆಸ್ಟ್ರೇಲಿಯಾ ಆಟಗಾರ ಕ್ಯಾಮರೂನ್ ಗ್ರೀನ್ 17.50 ಕೋಟಿಗೆ ಬೆಂಗಳೂರಿಗೆ ಬಂದರು.

ಎರಡನ್ನೂ ಒಟ್ಟಿಗೆ ಓದಿದರೆ ಲೆಕ್ಕ ಕಣ್ಣಿಗೆ ಕಾಣುತ್ತದೆ. ಮುಂಬೈ 17.50 ಕೋಟಿಯ ಜಾಗ ತೆರವು ಮಾಡಿ 15 ಕೋಟಿಯ ಆಟಗಾರನನ್ನು ತಂದಿತು. ಬೇಕಾದ ನಾಯಕ ಬಂದ ಮೇಲೂ 2.50 ಕೋಟಿ ಉಳಿಯಿತು. ಆ ಜಾಗವನ್ನು ಒದಗಿಸಿದ್ದು ಬೆಂಗಳೂರು. ಬೆಂಗಳೂರಿಗೆ ಅಷ್ಟು ಜಾಗ ಎಲ್ಲಿಂದ ಬಂತು? ಅದೇ 26ರಂದು ಬೆಂಗಳೂರು ತಂಡವು ಹರ್ಷಲ್ ಪಟೇಲ್, ವನಿಂದು ಹಸರಂಗ, ಜೋಶ್ ಹೇಜಲ್‌ವುಡ್ ಮೂವರನ್ನೂ ಬಿಟ್ಟುಕೊಟ್ಟಿತ್ತು. ಮೊದಲಿಬ್ಬರ ಶುಲ್ಕ ತಲಾ 10.75 ಕೋಟಿ, ಮೂರನೆಯವರದು 7.75 ಕೋಟಿ, ಒಟ್ಟು 29.25 ಕೋಟಿ. ಮೂವರೂ ಬೌಲರುಗಳು ಎಂಬುದು ಗಮನಾರ್ಹ. ಗ್ರೀನ್ ಬಂದ ನಂತರ ಹರಾಜಿಗೆಂದು ಉಳಿದ 23.25 ಕೋಟಿಯಲ್ಲಿ 11.50 ಕೋಟಿ ಅಲ್ಜಾರಿ ಜೋಸೆಫ್ ಅವರಿಗೆ ಹೋಯಿತು.

ಫಲವೇನಾಯಿತು? 2024ರ ಏಪ್ರಿಲ್ 15ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೈದರಾಬಾದ್ ತಂಡ ಬೆಂಗಳೂರಿನ ವಿರುದ್ಧ 3 ವಿಕೆಟ್‌ಗೆ 287 ರನ್ ಪೇರಿಸಿತು. ಪಂಜಾಬ್ 11.75 ಕೋಟಿಗೆ ಕೊಂಡ ಹರ್ಷಲ್ ಪಟೇಲ್ ಆ ಋತುವಿನಲ್ಲಿ 24 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು. ನ್ಯಾಯವಾಗಿ ಹೇಳುವುದಾದರೆ, ಬಿಟ್ಟ ಮೂವರ ವಿಷಯದಲ್ಲೂ ಬೆಂಗಳೂರು ಸೋಲಲಿಲ್ಲ. ಹಸರಂಗ ಹರಾಜಿನಲ್ಲಿ ಕೇವಲ 1.50 ಕೋಟಿಗೆ ಹೋದರು, ಗಾಯದಿಂದ ಆಡಲೇ ಇಲ್ಲ. ತಂಡವೂ ಕೊನೆಯಲ್ಲಿ ಸತತ ಆರು ಪಂದ್ಯ ಗೆದ್ದು ನಾಲ್ಕನೆಯ ಸ್ಥಾನಕ್ಕೆ ಏರಿತು. ಆದರೂ ಗ್ರೀನ್ ಅವರ ಬೆಲೆಯನ್ನು 17.50 ಕೋಟಿ ಎಂದಷ್ಟೇ ಬರೆಯುವುದು ಖತಾವಣಿಯ ಒಂದು ಬದಿಯನ್ನು ಮಾತ್ರ ಓದಿದಂತೆ. ಅದೇ ಚೀಲದಿಂದ ಹರ್ಷಲ್ ಅವರನ್ನೂ ಉಳಿಸಿಕೊಳ್ಳಬಹುದಾಗಿತ್ತು.

ಇದಕ್ಕಿಂತ ಸ್ವಾರಸ್ಯಕರವಾದ ಸಂಗತಿಯೆಂದರೆ, ಹರ್ಷಲ್ ಪಟೇಲ್ ಬೆಂಗಳೂರಿಗೆ ಮರಳಿ ಬಂದದ್ದೂ ವಿನಿಮಯದಿಂದಲೇ. 2021ರ ಜನವರಿಯಲ್ಲಿ ದೆಹಲಿ ತಂಡದಿಂದ ಅವರನ್ನು ಪಡೆದಾಗ ಅವರ ಶುಲ್ಕ 20 ಲಕ್ಷ. ಅದರ ಬಗ್ಗೆ ವದಂತಿ ಎಬ್ಬಿಸುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ. ಆ ವರ್ಷ ಅವರು ಪಡೆದ ವಿಕೆಟ್ 32!

ಜಾಗ ಯಾರ ಜೇಬಿನಿಂದ ಬಂತು?

2025ರ ನವೆಂಬರ್ 15ರಂದು ಪ್ರಕಟವಾದ ವಿನಿಮಯವನ್ನು ವರ್ತಕರು ಕಾಗದದ ಮೇಲೆ ಬರೆದು ನೋಡಬೇಕು. ಸಂಜು ಸ್ಯಾಮ್ಸನ್ 18 ಕೋಟಿ ಶುಲ್ಕದೊಡನೆ ರಾಜಸ್ಥಾನದಿಂದ ಚೆನ್ನೈಗೆ ಹೋದರು. ರವೀಂದ್ರ ಜಡೇಜ ಮತ್ತು ಸ್ಯಾಮ್ ಕರನ್ ಚೆನ್ನೈನಿಂದ ರಾಜಸ್ಥಾನಕ್ಕೆ ಬಂದರು. ಕರನ್ ಅವರ ಶುಲ್ಕ 2.40 ಕೋಟಿ. ಜಡೇಜ ಅವರ ಶುಲ್ಕ 18 ಕೋಟಿ ಇದ್ದದ್ದು 14 ಕೋಟಿಗೆ ಇಳಿಯಿತು. ಚೆನ್ನೈ 20.40 ಕೋಟಿಯ ಭಾರ ಇಳಿಸಿ 18 ಕೋಟಿಯ ಭಾರ ಹೊತ್ತಿತು, ಉಳಿಕೆ 2.40 ಕೋಟಿ. ರಾಜಸ್ಥಾನ 18 ಕೋಟಿ ಇಳಿಸಿ 16.40 ಕೋಟಿ ಹೊತ್ತಿತು, ಉಳಿಕೆ 1.60 ಕೋಟಿ. ಮಾರಿದವನಿಗೂ ಲಾಭ, ಕೊಂಡವನಿಗೂ ಲಾಭ ಎಂಬ ವ್ಯಾಪಾರ ಲೋಕದಲ್ಲಿ ಅಪರೂಪ. ಎರಡೂ ಉಳಿಕೆಗಳನ್ನು ಕೂಡಿದರೆ ಸರಿಯಾಗಿ 4 ಕೋಟಿ: ಜಡೇಜ ಅವರ ಶುಲ್ಕದಲ್ಲಿ ಕಡಿತವಾದ ಮೊತ್ತ. ಆ ಒಂದು ಕಡಿತವಿಲ್ಲದಿದ್ದರೆ ಎರಡೂ ತಂಡಗಳಿಗೆ ಜಾಗ ದೊರೆಯುವುದು ಸಾಧ್ಯವಿರಲಿಲ್ಲ.

ಅದೇ ಜಡೇಜ ಅವರನ್ನು 2010ರ ಇಡೀ ಋತುವಿನಿಂದ ಹೊರಗಿಡಲಾಗಿತ್ತು ಎಂಬುದನ್ನು ಹಳೆಯ ಓದುಗರು ಮರೆತಿರಲಾರರು. ರಾಜಸ್ಥಾನದ ಆಟಗಾರರಾಗಿದ್ದಾಗ ಬೇರೆ ತಂಡದೊಡನೆ ತಾವೇ ಮಾತುಕತೆಗೆ ಇಳಿದರು ಎಂಬುದು ಅಂದಿನ ಆರೋಪ. ಮಾತುಕತೆ ತಂಡಗಳ ನಡುವೆಯೇ ನಡೆಯಬೇಕು, ಅದೂ ಗುಟ್ಟಾಗಿ; ವದಂತಿಗಳಿಗೆ ಇದೇ ಮೂಲ. ಬಾಯಿ ಬಿಡಬಾರದವರು ಇರುವ ಕಡೆ ಗಾಳಿಗೆ ಬಾಯಿ ಬರುತ್ತದೆ. ಕೆಲವು ಮಾತುಗಳನ್ನು ಬೇಕೆಂದೇ ಹರಿಯಬಿಡುವುದೂ ಇರಬಹುದು. ಪೇಟೆಯಲ್ಲಿ ‘ಹೊರಗಿನ ಖರೀದಿದಾರ ಬರುತ್ತಿದ್ದಾನಂತೆ’ ಎಂಬ ಸುದ್ದಿಯಿಂದ ಟೆಂಡರಿನ ಬೆಲೆ ಅಲುಗಾಡುವುದನ್ನು ದಲಾಲರು ಎಷ್ಟೋ ಸಲ ಕಂಡಿದ್ದಾರೆ. ಆದ್ದರಿಂದ ಒಂದು ವದಂತಿ ಕಿವಿಗೆ ಬಿದ್ದಾಗ ಕೇಳಬೇಕಾದ ಪ್ರಶ್ನೆಗಳು ಸರಳ. ಕೊಳ್ಳುವ ತಂಡದ ಪರ್ಸ್‌ನಲ್ಲಿ ಅಷ್ಟು ಜಾಗವಿದೆಯೆ? ಇಲ್ಲದಿದ್ದರೆ ಯಾರನ್ನು ಬಿಡುತ್ತದೆ? ವಿದೇಶಿ ಆಟಗಾರನಾದರೆ ಎಂಟರ ಮಿತಿಯಲ್ಲಿ ಸ್ಥಾನ ಖಾಲಿಯಿದೆಯೆ? ಈ ಮೂರಕ್ಕೂ ಉತ್ತರವಿಲ್ಲದ ವದಂತಿಯನ್ನು ಕಟ್ಟೆಯ ಮೇಲೆಯೇ ಬಿಟ್ಟು ಬರಬಹುದು.

ಐಸ್ ಹಾಕಿಯ ದಾರಿ

ಈ ಲೆಕ್ಕ ಅತ್ಯಂತ ಸೂಕ್ಷ್ಮವಾಗಿ ನಡೆಯುವುದು ಅಮೆರಿಕ ಮತ್ತು ಕೆನಡಾಗಳ ರಾಷ್ಟ್ರೀಯ ಹಾಕಿ ಲೀಗ್‌ನಲ್ಲಿ. ಅಲ್ಲಿನದು ಮಂಜುಗಡ್ಡೆಯ ಮೇಲಿನ ಹಾಕಿ. ವೇತನ ಮಿತಿ ಬೇಕೆಂದು ಮಾಲೀಕರು, ಬೇಡವೆಂದು ಆಟಗಾರರು ಪಟ್ಟು ಹಿಡಿದ ಕಾರಣ 2004–05ರ ಋತು ಪೂರ್ತಿಯಾಗಿ ರದ್ದಾಯಿತು. ಮರುವರ್ಷ 3.9 ಕೋಟಿ ಡಾಲರ್ ಮಿತಿಯೊಡನೆ ಆಟ ಮತ್ತೆ ಶುರುವಾಯಿತು. 2025–26ರಲ್ಲಿ ಮಿತಿ 9.55 ಕೋಟಿ ಡಾಲರ್‌ಗೆ ಏರಿತು. ಅಲ್ಲಿ ವಿನಿಮಯದ ಗಡುವು ಋತುವಿನ ನಡುವೆ, ಮಾರ್ಚ್ ತಿಂಗಳಲ್ಲಿ ಬರುತ್ತದೆ. ಸಂಬಳದ ಲೆಕ್ಕ ಬಡ್ಡಿಯ ಹಾಗೆ ದಿನವಹಿ. ಋತುವಿನ ಆರಂಭದಿಂದ ವರ್ಷಕ್ಕೆ 12 ಲಕ್ಷ ಡಾಲರಿನ ಜಾಗವನ್ನು ಖಾಲಿ ಇಟ್ಟುಕೊಂಡು ಬಂದ ತಂಡವು, ಋತುವಿನ ಕಾಲು ಭಾಗ ಉಳಿದಾಗ ವರ್ಷಕ್ಕೆ ಸುಮಾರು 48 ಲಕ್ಷ ಡಾಲರ್ ಸಂಬಳದ ಆಟಗಾರನನ್ನು ತರಬಲ್ಲದು. ಉಳಿದ ದಿನಗಳ ಸಂಬಳವಷ್ಟೇ ಲೆಕ್ಕಕ್ಕೆ ಬರುವುದರಿಂದ. ಮಾರುವ ತಂಡ ಆ ಸಂಬಳದಲ್ಲಿ ಅರ್ಧದವರೆಗೆ ತನ್ನ ಲೆಕ್ಕದಲ್ಲೇ ಉಳಿಸಿಕೊಳ್ಳಲೂಬಹುದು. ಅಲ್ಲಿ ವದಂತಿಗಳು ಮಾರ್ಚ್‌ನಲ್ಲಿ ಮುಗಿಲು ಮುಟ್ಟುವುದು ಇದರಿಂದ. ಐಪಿಎಲ್‌ನಲ್ಲಿ ಈ ದಿನವಹಿ ಲೆಕ್ಕವಿಲ್ಲ. ಪ್ರಮುಖ ವಿನಿಮಯಗಳು ಋತುವಿಗೆ ಮುಂಚೆ ನಡೆದು ಇಡೀ ಶುಲ್ಕವೇ ಪರ್ಸ್‌ಗೆ ಬೀಳುತ್ತದೆ.

ನಮ್ಮ ಹಾಕಿಯಲ್ಲೂ ಮಿತಿ ಉಂಟು. ಹಾಕಿ ಇಂಡಿಯಾ ಲೀಗ್‌ಗಾಗಿ 2024ರ ಅಕ್ಟೋಬರ್‌ನಲ್ಲಿ ನಡೆದ ಹರಾಜಿನಲ್ಲಿ ಪುರುಷರ ಪ್ರತಿ ತಂಡಕ್ಕೆ 4 ಕೋಟಿ ರೂಪಾಯಿ ಇತ್ತು. ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷಕ್ಕೆ ಸೂರ್ಮಾ ತಂಡ ಸೇರಿದರು. ಆ ಋತುವಿನ ಎಂಟು ಪುರುಷ ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ.

ಇನ್ನು ಪರ್ಸ್‌ಗೆ ಬೀಳುವ ಮೊತ್ತವೆಲ್ಲ ಆಟಗಾರನ ಕೈ ಸೇರುತ್ತದೆಂದೂ ತಿಳಿಯಬಾರದು. 2025ರ ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ನಡೆದ ಹರಾಜಿನಲ್ಲಿ ಅದೇ ಗ್ರೀನ್ ಅವರನ್ನು ಕೋಲ್ಕತ್ತ 25.20 ಕೋಟಿಗೆ ಕೂಗಿತು. ವಿದೇಶಿ ಆಟಗಾರರಿಗೆ ಇಟ್ಟ ಗರಿಷ್ಠ ಶುಲ್ಕ 18 ಕೋಟಿ. ತಂಡದ ಪರ್ಸ್‌ನಿಂದ ಕಳೆದದ್ದು ಪೂರ್ತಿ ಮೊತ್ತ, ಉಳಿದ 7.20 ಕೋಟಿ ಕ್ರಿಕೆಟ್ ಮಂಡಳಿಗೆ. ಕೂಗಿನ ಬೆಲೆಯ ಮೇಲೆ ಇಷ್ಟು ಬಿಗಿ ಇರುವಾಗ ವರ್ಗಾವಣೆ ಶುಲ್ಕವನ್ನು ಮಾತ್ರ ಮಿತಿಯ ಹೊರಗೆ, ಅದೂ ಮುಚ್ಚಿದ ಲಕೋಟೆಯಲ್ಲಿ ಇಟ್ಟಿರುವುದು ಸಮಂಜಸವೆನಿಸದು. ಮಿತಿಯ ಉದ್ದೇಶವೇ ಹಣವಂತ ಮಾಲೀಕ ಇನ್ನೊಬ್ಬನನ್ನು ತುಳಿಯಬಾರದೆಂಬುದು. ಆ ಹಣಕ್ಕೆ ಹಿತ್ತಿಲ ಬಾಗಿಲೊಂದು ತೆರೆದಿದ್ದರೆ ಅಂಕಿಯನ್ನಾದರೂ ಪ್ರಕಟಿಸುವುದು ನ್ಯಾಯ.

ಈ ಏರಿಳಿತಗಳ ನಡುವೆ ಆಟಗಾರನ ಬದುಕು ಹೇಗೆ ತೂಗಾಡುತ್ತದೆ ಎಂಬುದಕ್ಕೆ ದೇವದತ್ತ ಪಡಿಕ್ಕಲ್ ಅವರ ಲೆಕ್ಕ ಸಾಕ್ಷಿ. ಬೆಂಗಳೂರು ತಂಡದಲ್ಲಿ 20 ಲಕ್ಷಕ್ಕೆ ಆರಂಭಿಸಿ 2020ರಲ್ಲಿ 473 ರನ್ ಗಳಿಸಿದ ಈ ಕರ್ನಾಟಕದ ಆಟಗಾರನಿಗೆ 2022ರಲ್ಲಿ ರಾಜಸ್ಥಾನ 7.75 ಕೋಟಿ ಕೊಟ್ಟಿತು. 2023ರ ನವೆಂಬರ್‌ನಲ್ಲಿ 10 ಕೋಟಿಯ ಆವೇಶ್ ಖಾನ್ ಅವರೊಡನೆ ಅದಲುಬದಲಾಗಿ ಲಕ್ನೋ ಸೇರಿದರು. ಮರುವರ್ಷ ಜೆಡ್ಡಾದ ಹರಾಜಿನಲ್ಲಿ ಮೊದಲ ಸುತ್ತಿಗೆ ಯಾರೂ ಕೂಗಲಿಲ್ಲ. ಕೊನೆಗೆ ಬೆಂಗಳೂರು ಮೂಲ ಬೆಲೆ 2 ಕೋಟಿಗೆ ಕರೆದುಕೊಂಡಿತು. 2025ರ ಮಹಾರಾಜ ಟ್ರೋಫಿ ಹರಾಜಿನಲ್ಲಿ ನಮ್ಮ ಹುಬ್ಬಳ್ಳಿ ಟೈಗರ್ಸ್ ಇವರಿಗೆ ಕೊಟ್ಟದ್ದು 13.20 ಲಕ್ಷ, ಆ ಹರಾಜಿನ ಅತಿ ಹೆಚ್ಚಿನ ಬೆಲೆ. ಅಲ್ಲಿ ತಂಡಕ್ಕಿರುವ ಮಿತಿ 50 ಲಕ್ಷ. ಉಳಿದ 36.80 ಲಕ್ಷದಲ್ಲೇ ಬೇರೆಲ್ಲ ಆಟಗಾರರ ಪಾಲು ಬರಬೇಕು. ಈ ಭಾಗದ ಮೈದಾನಗಳಲ್ಲಿ ಬೆವರು ಹರಿಸುವ ಹುಡುಗರು ಎದುರು ನೋಡುವುದು ಆ ಪಾಲನ್ನೇ.