ಜಗಲಿಯ ಆಟ, ಗಣಕದ ಆಟ

ಹಾಸನಕ್ಕೆ ಸಮೀಪದಲ್ಲಿರುವ ಕೊರವಂಗಲವು ಬೂಚೇಶ್ವರ ದೇವಾಲಯದಿಂದ ಹೆಸರಾದ ಊರು. ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ಪಟ್ಟಾಭಿಷೇಕದ ಕಾಲದಲ್ಲಿ, 1173ರಲ್ಲಿ, ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ ಗುಡಿಯದು. ಶಿವನೂ ಸೂರ್ಯನೂ ಎದುರುಬದುರಾಗಿ ನೆಲೆಸಿರುವ ಆ ಗುಡಿಯನ್ನು ನೋಡಲು ಬಂದವರು ಶಿಲ್ಪವನ್ನು ಕಣ್ತುಂಬ ಕಂಡು ಹಿಂದಿರುಗುತ್ತಾರೆ. ಆದರೆ ಹಾಸನ ಸೀಮೆಯ ಇಂತಹ ಹಳ್ಳಿಗಳಲ್ಲಿ ಶಿಲ್ಪದಷ್ಟೇ ಮನಗೊಟ್ಟು ನೋಡಬೇಕಾದ ಇನ್ನೊಂದು ಸಂಪತ್ತು ಬಹುಕಾಲದಿಂದ ಬಳಕೆಯಲ್ಲಿತ್ತು. ಅದನ್ನು ಕಟ್ಟಿಸಿದ ದೊರೆಯಿಲ್ಲ, ಅದಕ್ಕೆ ಶಾಸನವೂ ಇಲ್ಲ. ಅದು ಜಗಲಿಯ ಆಟಗಳ ಸಂಪತ್ತು.

ಒಂದು ತುಂಡು ಇದ್ದಿಲು ದೊರೆತರೆ ಸಾಕು, ಜಗಲಿಯ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಮನೆಗಳು ಮೂಡುತ್ತಿದ್ದವು. ಮೂರು ಹುಲಿ, ಹದಿನೈದು ಕುರಿ. ಹುಲಿಗೆ ಹಾರಿ ಕೊಲ್ಲುವ ಬಲ, ಕುರಿಗೆ ಗುಂಪುಗೂಡಿ ಕಟ್ಟಿಹಾಕುವ ಬಲ. ಚೌಕಾಬಾರಕ್ಕೆ ಕವಡೆಗಳಿಲ್ಲದಿದ್ದರೆ ಒಂದು ಮಗ್ಗುಲನ್ನು ಉಜ್ಜಿ ಬೆಳ್ಳಗೆ ಮಾಡಿದ ಹುಣಸೆಬೀಜಗಳೇ ಆಗುತ್ತಿದ್ದವು. ಇಲ್ಲಿ ಅಳಗುಳಿಮಣೆಯೆನ್ನುವ ಆಟವೇ ಘಟ್ಟದ ಕೆಳಗೆ ಚೆನ್ನೆಮಣೆಯಾಗುತ್ತದೆ. ಗುಳಿಗೆ ಎಷ್ಟು ಕಾಳು, ಕಾಳು ಮುಗಿದಲ್ಲಿ ಏನು ಮಾಡಬೇಕು ಎಂಬ ನಿಯಮಗಳು ಊರಿನಿಂದ ಊರಿಗೆ ಬದಲಾಗುತ್ತವೆ. ಹೀಗೆ ಬದಲಾಯಿಸಲು ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಮದುವೆಯಾಗಿ ಬಂದ ಸೊಸೆ ತನ್ನ ತವರಿನ ನಿಯಮವನ್ನು ಜೊತೆಗೆ ತಂದಳು. ಅತ್ತೆಯ ಮನೆಯವರಿಗೆ ಅದು ಹಿಡಿಸಿದರೆ ಉಳಿಯಿತು, ಹಿಡಿಸದಿದ್ದರೆ ಬಿಟ್ಟುಹೋಯಿತು.

ಹಂಪಿಯ ದೇವಾಲಯಗಳ ನೆಲಗಟ್ಟಿನಲ್ಲಿಯೂ ಬಂಡೆಗಳ ಮೇಲೂ ಕೊರೆದ ಆಟದ ಮನೆಗಳು ಇಂದಿಗೂ ಕಾಣಸಿಗುತ್ತವೆ. ಒಂದರೊಳಗೊಂದು ಮೂರು ಚೌಕಗಳನ್ನು ಬರೆದು, ಪ್ರತಿಯೊಬ್ಬರೂ ಒಂಬತ್ತು ಕಾಯಿಗಳಿಂದ ಆಡುವ ಸಾಲುಮನೆ ಅವುಗಳಲ್ಲೊಂದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ತಾವೇ ಹೊಸ ಹೊಸ ಆಟಗಳನ್ನು ಕಲ್ಪಿಸಿದವರು. ಶ್ರೀತತ್ತ್ವನಿಧಿಯ ಕೌತುಕನಿಧಿಯೆಂಬ ಭಾಗವು ಆಟಗಳಿಗೇ ಮೀಸಲಾಗಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಚಿತ್ರಗಳಿವೆ. ಆಟವನ್ನು ಕಲ್ಪಿಸಿದವನು ಅದರ ಗುಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕದೆ ಗೋಡೆಯ ಮೇಲೆ ಬರೆಯಿಸಿದನೆಂಬುದು ಮುಂದೆ ಹೇಳುವ ಮಾತಿಗೆ ಒಂದು ಪೀಠಿಕೆ.

ಗಣಕಯಂತ್ರದ ಆಟಗಳ ಕಥೆ ಬೇರೆ. ಯಾವ ಗುಂಡಿಯನ್ನು ಒತ್ತಿದರೆ ಏನಾಗಬೇಕು, ಚೆಂಡು ಎಷ್ಟು ಎತ್ತರಕ್ಕೆ ನೆಗೆಯಬೇಕು ಎಂಬುದನ್ನೆಲ್ಲ ತಜ್ಞರು ಮೊದಲು ಮನುಷ್ಯರು ಓದಬಹುದಾದ ಒಂದು ಸಂಕೇತಭಾಷೆಯಲ್ಲಿ ಬರೆಯುತ್ತಾರೆ. ಇದೇ ಮೂಲಸಂಕೇತ. ಬಳಿಕ ಅದು ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಿಗಳ ಸಾಲಾಗಿ ಮಾರ್ಪಡುತ್ತದೆ. ದೊಡ್ಡ ಕಂಪನಿಗಳು ಮಾರುವುದು ಈ ಅಂಕಿಗಳ ಸಾಲನ್ನು. ಮೂಲಸಂಕೇತ ಅವುಗಳಲ್ಲಿಯೇ ಉಳಿಯುತ್ತದೆ. ಕೊಂಡವನು ಆಡಬಹುದು, ಆದರೆ ಒಳಗೇನಿದೆಯೆಂದು ನೋಡುವಂತಿಲ್ಲ, ತಿದ್ದುವಂತೆಯೂ ಇಲ್ಲ. ಮುಚ್ಚಳ ತೆಗೆಯಲಾಗದಂತೆ ಬೆಸುಗೆ ಹಾಕಿದ ನೀರಿನ ಪಂಪನ್ನು ರೈತನಿಗೆ ಮಾರಿದಂತೆ ಇದು.

ಈ ಪದ್ಧತಿಯನ್ನು ಒಪ್ಪದವರು ಹಲವರು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಎಲ್ಲರೂ ನೋಡಿ, ತಿದ್ದಿ, ಹಂಚಿಕೊಳ್ಳಬಹುದಾದ ತಂತ್ರಾಂಶವನ್ನು ರಚಿಸುವ ಗ್ನೂ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಆಗ ಇಪ್ಪತ್ತೊಂದು ವರ್ಷದವರು, ಗಣಕವನ್ನು ನಡೆಸುವ ತಿರುಳಾದ ಲಿನಕ್ಸನ್ನು ಹೊರತಂದರು. ಇವೆರಡೂ ಕೂಡಿ ಬೆಳೆದ ವ್ಯವಸ್ಥೆಗೆ ಜಗತ್ತಿನ ನಾನಾ ಕಡೆಯ ಜನರು ಕೈಗೂಡಿಸಿದರು. ಇದು ಹಣ ಕೊಡಬೇಕಿಲ್ಲದ ಬಿಟ್ಟಿ ಸರಕೆಂದು ತಿಳಿಯುವವರೇ ಹೆಚ್ಚು. ಹಣ ಉಳಿಯುವುದು ನಿಜ. ಆದರೆ ಇದರ ತಿರುಳು ಹಣದಲ್ಲಿಲ್ಲ, ಮುಚ್ಚಳ ತೆಗೆದು ನೋಡುವ ಹಕ್ಕಿನಲ್ಲಿದೆ.

ಇಂತಹ ಗಣಕದ ಮುಂದೆ ಕುಳಿತ ಆಟಗಾರನಿಗೆ ಏನನ್ನಿಸುತ್ತದೆ? ಹಾಸನದ ಕಾಲೇಜಿನಿಂದ ರಜೆಗೆ ಹಳ್ಳಿಗೆ ಬಂದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಬಹುದು. ಅವನದು ಹಳೆಯ ಲ್ಯಾಪ್‌ಟಾಪು. ಹೊಸ ವ್ಯವಸ್ಥೆಗಳ ಭಾರವನ್ನು ಹೊರಲಾರದೆ ಅದು ತೆವಳುತ್ತಿದ್ದುದರಿಂದ ಗೆಳೆಯನೊಬ್ಬ ಅದರಲ್ಲಿ ಲಿನಕ್ಸ್ ಹಾಕಿಕೊಟ್ಟಿದ್ದಾನೆ. ಹುಡುಗ ಮೊದಲು ಸೂಪರ್‌ಟಕ್ಸ್ ಎಂಬ ಆಟವನ್ನು ತೆರೆಯುತ್ತಾನೆ. ಹಿಮದ ನಾಡಿನಲ್ಲಿ ಪೆಂಗ್ವಿನ್ ಹಕ್ಕಿಯೊಂದು ಓಡುತ್ತದೆ, ನೆಗೆಯುತ್ತದೆ. ಸ್ವಲ್ಪ ಹೊತ್ತಿನ ವಿನೋದ. ಬಳಿಕ ಅವನು ಬ್ಯಾಟಲ್ ಫಾರ್ ವೆಸ್ನಾತ್ ಎಂಬ ಆಟದಲ್ಲಿ ಸಿಕ್ಕಿಬೀಳುತ್ತಾನೆ. ಡೇವಿಡ್ ವೈಟ್ ಎಂಬಾತ 2003ರಲ್ಲಿ ಒಬ್ಬನೇ ಆರಂಭಿಸಿದ ಈ ಯುದ್ಧದ ಆಟಕ್ಕೆ ಅನಂತರ ನೂರಾರು ಮಂದಿ ಚಿತ್ರ, ಸಂಗೀತ, ಕಥೆಗಳನ್ನು ಕೂಡಿಸಿದ್ದಾರೆ. ನೆಲವೆಲ್ಲ ಆರು ಮೂಲೆಯ ಮನೆಗಳು. ಒಬ್ಬರ ಸರದಿಯಾದ ಮೇಲೆ ಇನ್ನೊಬ್ಬರ ಸರದಿ. ಇದರ ಸೊಗಸಿರುವುದು ಹಗಲು-ರಾತ್ರಿಗಳ ಲೆಕ್ಕದಲ್ಲಿ. ಕೆಲವು ಯೋಧರ ಪೆಟ್ಟು ಹಗಲಿನಲ್ಲಿ ಕಾಲುಪಾಲು ಹೆಚ್ಚುತ್ತದೆ, ರಾತ್ರಿಯಲ್ಲಿ ಅಷ್ಟೇ ಕುಗ್ಗುತ್ತದೆ. ಇನ್ನು ಕೆಲವರಿಗೆ ಇದು ತಿರುವುಮುರುವು. ಒಂದು ಕದನದಲ್ಲಿ ಬದುಕುಳಿದ ಯೋಧನನ್ನು ಮುಂದಿನ ಕದನಕ್ಕೆ ಕರೆಯಬಹುದಾದ್ದರಿಂದ, ಹಿಂದೆ ಸರಿಯುವುದೂ ಇಲ್ಲಿ ಒಂದು ಜಾಣತನವೇ.

ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ತಾತನಿಗೆ ಹುಡುಗ ಇದನ್ನೆಲ್ಲ ವಿವರಿಸಿದರೆ, “ಹಾಗಾದರೆ ಕತ್ತಲಾದ ಮೇಲೆ ಹುಲಿಯನ್ನು ಕೆಣಕಬಾರದು ಅನ್ನಪ್ಪಾ” ಎಂದು ಅವರು ಹೇಳಿಯಾರು. ಜಗಲಿಯಲ್ಲಿ ಆಡಿ ಬೆಳೆದವರಿಗೆ ಈ ಆಟ ಅಪರಿಚಿತವಾಗಿ ತೋರುವುದಿಲ್ಲ. ಅದರ ಕಾಯಿಗಳ ಬಲಾಬಲವನ್ನು ಸಾಮಾನ್ಯ ಬರಹದ ಕಡತಗಳಲ್ಲಿ ಬರೆದಿಟ್ಟಿರುವುದರಿಂದ, ತಾಳ್ಮೆಯಿದ್ದ ಆಟಗಾರ ಅವನ್ನು ತೆರೆದು ತನ್ನ ಊರಿನ ನಿಯಮವನ್ನೇ ಹಾಕಿಕೊಳ್ಳಬಹುದು.

ಇಂತಹ ಆಟಗಳಲ್ಲಿ ಕೊರತೆಗಳಿಲ್ಲವೆಂದಲ್ಲ. ಕೆಲವುಗಳ ಚಿತ್ರಗಳು ಒರಟು. ಆರಂಭಿಸಿದವನ ಉತ್ಸಾಹ ತಣ್ಣಗಾದೊಡನೆ ಅರೆಬರೆಯಾಗಿ ನಿಂತವು ಎಷ್ಟೋ. ಹೆಸರಾಂತ ಆಟಗಳು ಲಿನಕ್ಸಿನಲ್ಲಿ ನಡೆಯುವುದೇ ಇಲ್ಲವೆಂಬ ದೂರು ಬಹಳ ಕಾಲ ಇತ್ತು. 2018ರಲ್ಲಿ ಪ್ರೋಟಾನ್ ಎಂಬ ಸಾಧನ ಬಂದ ಮೇಲೆ ವಿಂಡೋಸಿಗಾಗಿ ಮಾಡಿದ ಅನೇಕ ಆಟಗಳು ಲಿನಕ್ಸಿನಲ್ಲಿಯೂ ನಡೆಯತೊಡಗಿ ಆ ದೂರು ಬಹುಮಟ್ಟಿಗೆ ತಗ್ಗಿದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಕಂಪನಿಗಳ ಹಂಗಿಲ್ಲದೆ ಒಬ್ಬಿಬ್ಬರು ರಚಿಸುವ ಆಟಗಳನ್ನು ಸ್ವತಂತ್ರ ಆಟಗಳೆನ್ನುತ್ತಾರೆ. ಅವುಗಳ ಮೂಲಸಂಕೇತ ತೆರೆದಿರಲೇಬೇಕೆಂಬ ನಿಯಮವಿಲ್ಲ. 2008ರಲ್ಲಿ ಇಬ್ಬರೇ ಸೇರಿ ರಚಿಸಿದ ವರ್ಲ್ಡ್ ಆಫ್ ಗೂ ಎಂಬುದು ಇಂತಹ ಆಟ. ಅಂಟಿನ ಉಂಡೆಗಳನ್ನು ಒಂದಕ್ಕೊಂದು ತಗುಲಿಸಿ ಸೇತುವೆಯನ್ನೋ ಗೋಪುರವನ್ನೋ ಕಟ್ಟುವುದು ಅದರ ಕ್ರಮ. ಒಂದು ಕಡೆ ಭಾರ ಹೆಚ್ಚಿದರೆ ಎಲ್ಲವೂ ಕುಸಿಯುತ್ತದೆ. ಮರುವರ್ಷ ಅದು ಲಿನಕ್ಸಿಗೂ ಬಂದಿತು. 2010ರಲ್ಲಿ ಇದನ್ನೂ ಸೇರಿಸಿ ಹಲವು ಸ್ವತಂತ್ರ ಆಟಗಳ ಕಟ್ಟೊಂದನ್ನು ಹಂಬಲ್ ಇಂಡಿ ಬಂಡಲ್ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟರು. ಬೆಲೆಯನ್ನು ಕೊಳ್ಳುವವರೇ ನಿರ್ಧರಿಸಬೇಕು! ಬಿಟ್ಟಿಗೆ ಒಗ್ಗಿದವರೆಂದು ಹೀಗಳೆಯಲ್ಪಟ್ಟ ಲಿನಕ್ಸ್ ಬಳಕೆದಾರರೇ ಸರಾಸರಿಯಲ್ಲಿ ಇತರರಿಗಿಂತ ಹೆಚ್ಚು ಹಣ ಕೊಟ್ಟರು. ಒಟ್ಟು ಮೊತ್ತ ಹತ್ತು ಲಕ್ಷ ಡಾಲರನ್ನು ದಾಟಿದಾಗ ಆ ಕಟ್ಟಿನ ನಾಲ್ಕು ಆಟಗಳ ಕರ್ತೃಗಳು ಮೂಲಸಂಕೇತವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು.

ಮುಚ್ಚಿದ ಆಟಕ್ಕೂ ತೆರೆದ ಆಟಕ್ಕೂ ಇರುವ ಅಂತರ ನಿಜವಾಗಿ ತಿಳಿಯುವುದು ಆಟಕ್ಕೆ ಸಾವು ಬಂದಾಗ. 2009ರಲ್ಲಿ ಆರಂಭವಾದ ಫಾರ್ಮ್‌ವಿಲ್ ಎಂಬ ಆಟದಲ್ಲಿ ಕೋಟ್ಯಂತರ ಜನರು ಗಣಕದ ಹೊಲವನ್ನು ಉತ್ತು ಬಿತ್ತಿದರು. ಅದು ಫ್ಲ್ಯಾಶ್ ಎಂಬ ಮುಚ್ಚಿದ ತಂತ್ರಾಂಶವನ್ನು ನೆಚ್ಚಿಕೊಂಡಿತ್ತು. ಒಡೆಯರು ಫ್ಲ್ಯಾಶನ್ನು ನಿಲ್ಲಿಸಿದ್ದರಿಂದ 2020ರ ಡಿಸೆಂಬರ್ 31ರಂದು ಆ ಆಟವೂ ನಿಂತಿತು. ವರ್ಷಗಟ್ಟಲೆ ಬೆಳೆಸಿದ ತೋಟಗಳು ಒಂದೇ ದಿನದಲ್ಲಿ ಇಲ್ಲವಾದವು. ಫ್ಲ್ಯಾಶಿನ ಇತರ ಅನೇಕ ಹಳೆಯ ಆಟಗಳನ್ನು ಇಂದು ಮತ್ತೆ ಆಡಲು ಸಾಧ್ಯವಾಗಿರುವುದು ರಫಲ್ ಎಂಬ ತೆರೆದ ತಂತ್ರಾಂಶವನ್ನು ರಚಿಸಿದವರ ಶ್ರಮದಿಂದ. ಇದ್ದಿಲಿನಿಂದ ಬರೆದ ಹುಲಿ-ಕುರಿಯ ಮನೆ ಮಳೆಗೆ ಅಳಿಸಿಹೋದರೆ ಮರುದಿನ ಮತ್ತೆ ಬರೆಯಬಹುದು. ನಿಯಮ ಎಲ್ಲರ ತಲೆಯಲ್ಲಿದೆಯಷ್ಟೆ.

ಭಾಷೆಯ ವಿಷಯದಲ್ಲಿ ಈ ಅಂತರ ಇನ್ನೂ ಹೆಚ್ಚಿನದು. ಮುಚ್ಚಿದ ಆಟದಲ್ಲಿ ಕನ್ನಡ ಕಾಣಬೇಕಾದರೆ ಒಡೆಯನ ಮನಸ್ಸು ಕರಗಬೇಕು. ಲಾಭದ ಲೆಕ್ಕದಲ್ಲಿ ಕನ್ನಡ ಹಿಂದೆ ಬಿದ್ದರೆ ಅಲ್ಲಿಗೆ ಮುಗಿಯಿತು. ತೆರೆದ ತಂತ್ರಾಂಶದಲ್ಲಿ ಹಾಗಲ್ಲ. ಲಿನಕ್ಸಿನ ಗ್ನೋಮ್ ಎಂಬ ಪರದೆಯ ವ್ಯವಸ್ಥೆಯನ್ನೂ ಮಕ್ಕಳು ಚಿತ್ರ ಬರೆದು ಆಡುವ ಟಕ್ಸ್ ಪೇಂಟನ್ನೂ ಅಭಿಮಾನಿಗಳು ಕನ್ನಡಕ್ಕೆ ತಂದಿದ್ದಾರೆ. ಅವರಿಗೆ ಬೇಕಾದದ್ದು ಭಾಷೆಯ ಅರಿವು ಮತ್ತು ಬಿಡುವು, ಅಷ್ಟೇ.

ಇದರ ಪ್ರಯೋಜನವನ್ನು ಶಾಲೆಯಲ್ಲಿ ಪಡೆದ ಕನ್ನಡದ ಮಕ್ಕಳು ಗಡಿಯಾಚೆಯಲ್ಲಿದ್ದಾರೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ನಡೆಯುತ್ತಿವೆ. ಕೇರಳ ಸರ್ಕಾರವು 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿ, ಕೆಲವು ವರ್ಷಗಳಲ್ಲಿ ಶಾಲೆಗಳ ಗಣಕಗಳನ್ನು ಲಿನಕ್ಸಿಗೆ ಬದಲಾಯಿಸಿತು. 2017ರಿಂದ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಗಿದೆ. ಆ ಗಣಕಗಳಿಗೆ ಬಂದವುಗಳಲ್ಲಿ ಜಿಕಾಂಪ್ರಿ ಎಂಬ ಮಕ್ಕಳ ಆಟಗಳ ಸಂಪುಟವೂ ಒಂದು. ಫ್ರಾನ್ಸಿನ ಬ್ರೂನೋ ಕೂದ್ಯಾಂ 2000ದಲ್ಲಿ ಆರಂಭಿಸಿದ ಇದರ ಹೆಸರಿನಲ್ಲಿ “ನನಗೆ ಅರ್ಥವಾಯಿತು” ಎಂಬ ಫ್ರೆಂಚ್ ಮಾತಿನ ಶ್ಲೇಷೆಯಿದೆ. ಈ ಸಂಪುಟದ ನೂರಕ್ಕೂ ಹೆಚ್ಚು ಚಟುವಟಿಕೆಗಳ ನಡುವೆ ಒಂದನ್ನು ತೆರೆದರೆ ಪರದೆಯ ಮೇಲೆ ಒಂದರೊಳಗೊಂದು ಮೂರು ಚೌಕಗಳು ಮೂಡುತ್ತವೆ. ಆಟಗಾರನಿಗೆ ಒಂಬತ್ತು ಕಾಯಿ, ಎದುರಾಳಿಗೆ ಒಂಬತ್ತು. ಹಂಪಿಯ ಕಲ್ಲಿನ ಮೇಲಿರುವ ಸಾಲುಮನೆಯೇ ಅದು.

ಹುಲಿ-ಕುರಿಗೂ ಹೀಗೆಯೇ ಗಣಕದಲ್ಲಿ ಮನೆ ಕಟ್ಟಬಹುದು. ಆಟಗಳನ್ನು ರಚಿಸಲೆಂದೇ ಇರುವ ಗೊಡೋ ಎಂಬ ಉಪಕರಣದ ಮೂಲಸಂಕೇತವನ್ನು ಅರ್ಜೆಂಟೀನಾದ ಇಬ್ಬರು 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಇಪ್ಪತ್ತಮೂರು ಬಿಂದುಗಳು, ಅವುಗಳನ್ನು ಕೂಡಿಸುವ ಗೆರೆಗಳು, ಮೂರು ಹುಲಿ, ಹದಿನೈದು ಕುರಿ, ಕುರಿಗಳನ್ನೆಲ್ಲ ಇಟ್ಟು ಮುಗಿಯುವತನಕ ಯಾವ ಕುರಿಯೂ ಕದಲಬಾರದೆಂಬ ನಿಯಮ: ಮೊದಲ ಸಲ ಬರೆಯುವವನಿಗೆ ಇಷ್ಟೇ ಸಾಮಗ್ರಿ ಸಾಕು. ಆದರೆ ತನ್ನ ಊರಿನಲ್ಲಿ ಹುಲಿ ಒಂದೇ ಸರದಿಯಲ್ಲಿ ಎರಡು ಕುರಿಗಳನ್ನು ಹಾರಬಹುದೇ ಇಲ್ಲವೇ ಎಂಬುದನ್ನು ಅವನು ಮೊದಲು ಜಗಲಿಯ ಮೇಲಿನ ಹಿರಿಯರನ್ನು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.